ಜಾರಿದ ಕಿರುಬೆರಳು

ಹೆವಿ ಮೆಟಲ್ ಸಂಗೀತ ಕೇಳುವವರು ಅವನನ್ನು ಚೇಳಣ್ಣ ಎನ್ನುತ್ತಿದ್ದರು. ಗಿಟಾರಿನ ತಂತಿಯ ಮೇಲೆ ಅವನ ಕಿರುಬೆರಳು ಕೊಂಡಿಯಂತೆ ಏಳುತ್ತಿತ್ತು. ಆ ಬೆರಳಿಗೇ ಆಪರೇಷನ್ ಆಗಿ ಎಂಟು ತಿಂಗಳು. ಶನಿವಾರದ ದೊಡ್ಡ ಕಾರ್ಯಕ್ರಮಕ್ಕೆ ವೇದಿಕೆ ಹತ್ತುವುದು ಅವನೋ, ಅವನ ಜಾಗಕ್ಕೆ ಬಂದವಳೋ ಎಂಬುದು ಇವತ್ತಿನ ಅಭ್ಯಾಸದಲ್ಲಿ ತೀರ್ಮಾನವಾಗಬೇಕಿತ್ತು.

ಬ್ಯಾಂಡು ಕಟ್ಟಿದವನು ಅವನು. ಗಿಟಾರಿನ ಒಂದೊಂದು ಪಲುಕೂ ಅವನ ತಲೆಯಲ್ಲಿ ಹುಟ್ಟಿದ್ದು. ಹಾಡುಗಾರ, ಅಂದರೆ ಅವನ ಅಕ್ಕನ ಗಂಡ, ಅದರ ಮೇಲೆ ನಾಲ್ಕು ಸಾಲು ಅರಚಿ ಹೆಸರು ಮಾಡಿಕೊಂಡ. ಗೆದ್ದಲು ಕಟ್ಟಿದ ಹುತ್ತ ಹಾವಿನ ಮನೆಯಾಯಿತು.

ಅವರ ಮೊದಲ ಹಾಡನ್ನು ಎಲ್ಲರೂ ಒಂದೇ ಕೋಣೆಯಲ್ಲಿ ನಿಂತು, ಒಂದೇ ಸಲಕ್ಕೆ ರೆಕಾರ್ಡ್ ಮಾಡಿದ್ದರು. ಹಾಗೇ ಆಗಬೇಕೆಂದು ಹಟ ಹಿಡಿದವನೂ ಇವನೇ. ನಡುವೆ ಗಿಟಾರೊಂದೇ ಮೆರೆಯುವ ಸೋಲೋದಲ್ಲಿ ಇವನ ಕಿರುಬೆರಳು ಇರಬೇಕಾದ ಜಾಗ ಬಿಟ್ಟು ಮುಂದಕ್ಕೆ ಜಾರಿತು. ಡ್ರಮ್ಮಿನವನು ಅವತ್ತು ಜನ್ಮದಲ್ಲೇ ಬಾರಿಸದಷ್ಟು ಚೆನ್ನಾಗಿ ಬಾರಿಸಿದ್ದ. ಇನ್ನೊಂದು ಸಲ ಎಂದರೆ, ಯಾಕೆಂದೂ ಕೇಳದೆ ಎಲ್ಲರೂ ಬೇಡವೆಂದರು. ಹಾಡು ಊರೂರು ಸುತ್ತಿತು, ಅಪಸ್ವರವೂ ಜೊತೆಗೇ ಸುತ್ತಿತು. ಹತ್ತೊಂಬತ್ತು ವರ್ಷ ಪ್ರತಿ ವೇದಿಕೆಯಲ್ಲೂ ಅವನು ಆ ತಪ್ಪನ್ನು ಬೇಕೆಂತಲೇ ಮಾಡಿದ, ಒಳಗೊಳಗೇ ಹಲ್ಲು ಕಡಿಯುತ್ತ. ಅದು ತಪ್ಪೆಂದು ಯಾರಿಗೂ ಹೇಳಲಿಲ್ಲ.

ಆಪರೇಷನ್ ಆದ ಬೆರಳಿಗೆ ಎಲ್ಲವನ್ನೂ ಮೊದಲಿನಿಂದ ಕಲಿಸಬೇಕಾಗಿ ಬಂದಾಗ, ತಾನು ಕಟ್ಟಿದ್ದ ಸರಿಯಾದ ಸೋಲೋವನ್ನೇ ಕಲಿಸಿದ. ಈಗಲಾದರೂ ಜನ ಕೇಳಲಿ ಎಂಬ ಆಸೆ.

ಸದ್ದು ಹೊರಹೋಗದಂತೆ ಗೋಡೆಗೆ ಮೊಟ್ಟೆಯ ರಟ್ಟು ಅಂಟಿಸಿದ ಅಭ್ಯಾಸದ ಕೋಣೆಯಲ್ಲಿ ಅವನು ಅದನ್ನು ನುಡಿಸಿ ಮುಗಿಸುವ ಮೊದಲೇ ಭಾವ ಕೈಯೆತ್ತಿದ.

"ಏನೋ ಅದು? ತಪ್ಪು ನುಡಿಸ್ತಿದೀಯಲ್ಲೋ."

"ಇದೇ ಸರಿ ಭಾವ. ನಾನು ಕಟ್ಟಿದ್ದೇ ಹೀಗೆ."

"ನೀನು ಹೇಗೆ ಕಟ್ಟಿದ್ಯೋ ನಂಗೊತ್ತಿಲ್ಲ. ಹಾಡು ಹಾಗಿಲ್ಲ."

ಆಮೇಲೆ ಅವನ ಜಾಗಕ್ಕೆ ಬಂದವಳು ನುಡಿಸಿದಳು. ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಹೆಂಗಸು, ಕೈ ಎಷ್ಟು ನಿಖರ! ಆ ಅಪಸ್ವರ ಕೂದಲೆಳೆಯಷ್ಟೂ ಆಚೀಚೆಯಾಗದೆ ಬಂತು. ಡ್ರಮ್ಮಿನವನು ಕಣ್ಣು ಮುಚ್ಚಿ ತಲೆದೂಗಿದ.

"ಈ ಜಾರು ಕಲಿಯೋಕೆ ನಂಗೆ ಎರಡು ತಿಂಗಳು ಹಿಡೀತು ಸರ್," ಎಂದಳು ಅವಳು. "ನಿಮಗೆ ಹೇಗೆ ಹೊಳೀತು ಅದು?"

"ಹೊಳೀಲಿಲ್ಲಮ್ಮ. ಬೆರಳು ಜಾರಿತು, ಅಷ್ಟೆ."

ಎಲ್ಲರೂ ನಕ್ಕರು. "ದೊಡ್ಡೋರ ವಿನಯ ನೋಡ್ರಪ್ಪ!" ಎಂದ ಡ್ರಮ್ಮಿನವನು. ಹತ್ತೊಂಬತ್ತು ವರ್ಷಕ್ಕೊಮ್ಮೆ ನಿಜ ಹೇಳಿದರೆ ಅದೂ ತಮಾಷೆಯಾಯಿತು.

ಅವನು ಮತ್ತೆ ಗಿಟಾರ್ ಎತ್ತಿಕೊಂಡ. ಆ ಹಳೆಯ ಜಾರನ್ನು ತರಲು ಮೂರು ಸಲ ಪ್ರಯತ್ನಿಸಿದ. ಮೂರು ಸಲವೂ ಹಾಳು ಬೆರಳು ಸರಿಯಾದ ಜಾಗಕ್ಕೇ ಹೋಗಿ ಕೂತಿತು.

ಭಾವ ಹೆಗಲ ಮೇಲೆ ಕೈ ಹಾಕಿದ. "ಶನಿವಾರ ಇವಳೇ ಇರ್ಲಿ ಕಣೋ. ನೀನು ಇನ್ನೂ ಸ್ವಲ್ಪ ಪ್ರಾಕ್ಟೀಸ್ ಮಾಡು. ಬೇಕಾದ್ರೆ ಇವಳೇ ಹೇಳಿಕೊಡ್ತಾಳೆ."

ಅವನಿಗೆ ಗಿಟಾರನ್ನು ಭಾವನ ತಲೆಗೇ ಅಪ್ಪಳಿಸಬೇಕೆನ್ನಿಸಿತು. ಅಕ್ಕನ ಮುಖ ನೆನೆದು ನುಂಗಿಕೊಂಡ. ಗಿಟಾರ್ ಬಿಟ್ಟು ಬದುಕುವುದೂ ಅವನಿಗೆ ಗೊತ್ತಿರಲಿಲ್ಲ. ಸ್ಟೂಲು ಎಳೆದುಕೊಂಡು ಅವಳೆದುರು ಕೂತ.

ಅವಳು ನಿಧಾನವಾಗಿ ನುಡಿಸಿ ತೋರಿಸಿದಳು. ಅವನು ಅವಳ ಬೆರಳನ್ನೇ ನೋಡುತ್ತ ಹಿಂದೆಯೇ ನುಡಿಸಿದ.

"ಅಲ್ಲ ಸರ್," ಎಂದಳು ಅವಳು, ಬಹಳ ಮರ್ಯಾದೆಯಿಂದ. "ನೀವು ನುಡಿಸೋದು ಹೀಗಲ್ಲ."