ಹನ್ನೊಂದು ಅಡಿ ದಪ್ಪದ ಗೋಡೆ

ನಮ್ಮ ಅಬ್ಬಾನ ಮುಂದೆ ಕಾಲಿಂಚು ಸುಳ್ಳು ಹೇಳುವುದಕ್ಕೂ ಯಾವ ಕಟ್ಟಿಗೆಗೂ ಧೈರ್ಯವಿಲ್ಲ. ಚೌಕಟ್ಟಿನ ಮೇಲೆ ಒಮ್ಮೆ ಕೈಯಾಡಿಸಿದರೆ ಸಾಕು, ಎಲ್ಲಿ ಸೊಟ್ಟಗಿದೆ, ಎಲ್ಲಿ ಉಬ್ಬಿದೆ ಅಂತ ಟೇಪು ಹಿಡಿಯುವ ಮೊದಲೇ ಹೇಳಿಬಿಡುತ್ತಾನೆ. ಆಳಂದದ ಅರ್ಧ ಊರಿನ ಬಾಗಿಲು, ಕಿಟಕಿ ಅವನ ಕೈಯವೇ. ಅಂಥ ಹುಸೇನಪೀರ ಮಿಸ್ತ್ರಿ ಹನ್ನೊಂದು ಅಡಿಯನ್ನು ಇಡಿಯಾಗಿ ನುಂಗಿ ನೀರು ಕುಡಿದಿದ್ದ ಅಂದರೆ ನೀವು ನಂಬುತ್ತೀರಾ? ಅವನ ಮಗಳು ಮಹೆಕ ನಾನು. ಆ ಹನ್ನೊಂದು ಅಡಿಯೊಳಗೇ ಕೂತಿದ್ದವಳು. ನನಗೂ ಅದು ತಿಳಿದದ್ದು ಎರಡು ವರ್ಷದ ಮೇಲೆ.

ಪಿಯುಸಿ ಮುಗಿದಾಗ ಇಂಟೀರಿಯರ್ ಆರ್ಕಿಟೆಕ್ಚರ್ ಓದುತ್ತೇನೆ ಅಂದೆ. ಮನೆಯ ಒಳಗನ್ನು ರೂಪಿಸುವ ಓದು, ಬೆಳಕು ಎಲ್ಲಿಂದ ಬರಬೇಕು, ಮನುಷ್ಯ ಎಲ್ಲಿ ಕೂರಬೇಕು, ಎಲ್ಲಿ ಓಡಾಡಬೇಕು ಅನ್ನುವುದನ್ನೆಲ್ಲ ಕಲಿಸುತ್ತಾರೆ ಅಂತ ಬಿಡಿಸಿ ಹೇಳಿದೆ.

"ಅದಕ್ಕ ನಾಕು ವರ್ಷ ಯಾಕ ಬೇಕು? ನಾ ನಾಕು ನಿಮಿಷದಾಗ ಹೇಳ್ತೇನಿ" ಅಂದಳು ಅಮ್ಮಿ ಅಮೀರುನ್ನಿಸಾ.

ಅಬ್ಬಾ ನಗಲಿಲ್ಲ. "ಓದು ಬೇಟಿ, ಬ್ಯಾಡ ಅನ್ನಂಗಿಲ್ಲ. ಖರೆ ನಾ ಕಣ್ಣಿಲೆ ನೋಡಬೇಕು. ನನ್ನ ಮನಸಿಗೆ ಬರಲಿಲ್ಲಂದ್ರ ಇಲ್ಲೇ ಆಳಂದದಾಗ ಬಿ.ಕಾಂ. ಮಾತು ಮುಗೀತು."

ಆ ವಾರವೇ ಕಲಬುರಗಿಯ ಒಂದು ಮಂಗಲ ಕಾರ್ಯಾಲಯದಲ್ಲಿ ಬೇರೆ ಬೇರೆ ಊರಿನ ವಿಶ್ವವಿದ್ಯಾಲಯಗಳ ಪ್ರವೇಶ ಮೇಳವಿತ್ತು. ಅಲ್ಲೇ ಸಂದರ್ಶನ, ಅಲ್ಲೇ ಸೀಟಿನ ಪತ್ರ. ನನ್ನ ವಿಷಯ ಕಲಿಸುವವು ಎರಡಿದ್ದವು, ಹೈದರಾಬಾದಿನದೊಂದು, ಪುಣೆಯದೊಂದು. ನಾನು ಪ್ರಶ್ನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಕಾರ್ಯಾಗಾರ ಇದೆಯೇ, ಕಟ್ಟಿಗೆ ಕೆಲಸ ಕೈಯಿಂದ ಮಾಡಿಸುತ್ತಾರೆಯೇ, ಕಲಿಸುವವರು ಎಂದಾದರೂ ಮನೆ ಕಟ್ಟಿದ್ದಾರೆಯೇ. ಅಬ್ಬಾನ ಪ್ರಶ್ನೆ ಒಂದೇ, "ಅಲ್ಲಿ ನಮ್ಮ ಕಡೆ ಮಂದಿ ಯಾರ ಅದಾರ?"

ಹೈದರಾಬಾದಿನ ಮೇಜಿನಲ್ಲಿದ್ದ ಹುಡುಗ ಟ್ಯಾಬ್ ಮೇಲೆ ಬೆರಳಾಡಿಸುತ್ತ ಈಜುಕೊಳ, ಗಾಜಿನ ಕಟ್ಟಡ, ಕಾಫಿ ಅಂಗಡಿ ತೋರಿಸಿದ. ಕಾರ್ಯಾಗಾರದ ಬಗ್ಗೆ ಕೇಳಿದೆ. "ಎಲ್ಲಾ ಕಂಪ್ಯೂಟರದಾಗೇ ಮೇಡಂ, ಕೈ ಹೊಲಸಾಗಂಗಿಲ್ಲ" ಅಂದ. ಅಬ್ಬಾ ತನ್ನ ಎರಡೂ ಕೈಯನ್ನು ಮೇಜಿನ ಮೇಲಿನಿಂದ ಮೆಲ್ಲಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. ನನ್ನ ಅಂಕಪಟ್ಟಿ ನೋಡಿ ಸೀಟು ಪಕ್ಕಾ ಅಂದರು. ನನ್ನನ್ನು ಏನೂ ಕೇಳಲಿಲ್ಲ.

ಪುಣೆಯ ಮೇಜಿನಲ್ಲಿ ಅನುರಾಧಾ ಅನ್ನುವ ಮೇಡಂ ಇದ್ದರು. ಅವರು ಬಾಯಿ ತೆರೆದದ್ದೇ ತಡ, ನಮ್ಮ ಕಡೆಯ ಮಾತು ಕೇಳಿ ಅಬ್ಬಾನ ಮುಖ ಅರಳಿತು.

"ನಮ್ದು ಅಫಜಲಪುರ ರಿ" ಅಂದರು ಅವರು.

"ಹೌದೇನ್ರಿ! ಮೊನ್ನೆರೆ ನಿಮ್ಮ ಕಡೆ ಕರಜಗಿಗೆ ಹನ್ನೆರಡು ಚೌಕಟ್ಟು ಕೊಟ್ಟು ಬಂದೇನಿ."

ಅಷ್ಟಕ್ಕೇ ಅಬ್ಬಾನ ಮನಸ್ಸು ಗಟ್ಟಿಯಾಯಿತು ಅಂತ ನನಗೆ ಗೊತ್ತಾಯಿತು. ಮೊದಲ ವರ್ಷವೇ ಉಳಿ, ಗರಗಸ ಹಿಡಿಸುತ್ತಾರಂತೆ. ನನ್ನ ಮನಸ್ಸೂ ಗಟ್ಟಿಯಾಯಿತು. ಇನ್ನು ಸಂದರ್ಶನವೊಂದೇ ಬಾಕಿ.

"ಆಳಂದದಾಕಿ ಏನ ನೀನು? ಹಂಗಾದ್ರ ನಿನಗ ಒಂದು ತೋರಸ್ತೇನಿ" ಅಂತ ಮೇಡಂ ಎದ್ದು ಗೋಡೆಯ ಕಡೆ ಕರೆದೊಯ್ದರು. ಅಲ್ಲೊಂದು ಮನೆಯ ದೊಡ್ಡ ನಕ್ಷೆ, ಕೆಳಗೆ ಅದರದೇ ಪುಟ್ಟ ಮಾದರಿ. "ನಮ್ಮ ಹುಡುಗರು ಎರಡು ವರ್ಷದ ಹಿಂದ ಮಾಡಿದ್ದು. ದೊಡ್ಡ ಪ್ರಶಸ್ತಿ ಬಂದದ. ನೋಡಿ ಏನ ಅನಸ್ತದ ಹೇಳು. ಇದೇ ನಿನ್ನ ಇಂಟರ್ವ್ಯೂ."

ನೋಡಿದೆ. ತಲೆಬಾಗಿಲಿನ ಚಿತ್ರದಲ್ಲಿ ಎಂಟು ಎಸಳಿನ ಹೂವಿತ್ತು, ಒಂದು ಎಸಳು ಮುರಿದಿತ್ತು. ಆ ಎಸಳು ಮುರಿದವಳು ನಾನೇ, ಆರು ವರ್ಷದವಳಿದ್ದಾಗ, ಕುಟ್ಟಾಣಿಯಿಂದ. ಅದಕ್ಕೆ ತಿಂದ ಏಟು ಇನ್ನೂ ನೆನಪಿದೆ. ಅದು ನಮ್ಮ ಮನೆ! ಖುಷಿಯಿಂದ ಅಬ್ಬಾನ ಕಡೆ ತಿರುಗಿದೆ. ಅಬ್ಬಾ ಟೋಪಿ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಕಿಟಕಿಯಾಚೆ ನೋಡುತ್ತಿದ್ದ.

ಮತ್ತೆ ನಕ್ಷೆ ನೋಡಿದೆ. ಕಟ್ಟೆ, ಪಡಸಾಲೆ, ಅಬ್ಬಾನ ಕೆಲಸದ ಜಾಗ ಎಲ್ಲವೂ ಇದ್ದವು. ಗೂಡುಗಳನ್ನು ಕೂಡ ಬಿಟ್ಟಿರಲಿಲ್ಲ. ಪಡಸಾಲೆಯ ಹಿಂದೆ ಮಾತ್ರ ಬರೀ ಕಪ್ಪು. ಉದ್ದಕ್ಕೂ ಬಳಿದ ಕಪ್ಪು ಪಟ್ಟಿ. ಅದರ ಪಕ್ಕ ಬರೆದಿತ್ತು: ಹಿಂಗೋಡೆಯ ದಪ್ಪ ಹನ್ನೊಂದು ಅಡಿ, ಕಲಬುರಗಿಯ ಬಿಸಿಲನ್ನು ತಡೆಯಲು ಹಿರಿಯರು ಕಂಡುಕೊಂಡ ಜಾಣ ಉಪಾಯ.

ಆ ಕಪ್ಪಿನೊಳಗೆ ನಾನು ಹುಟ್ಟಿದ್ದೆ.

ಆ ದಿನ ನೆನಪಾಯಿತು. ನಾಲ್ಕು ಜನ ಹುಡುಗರು ಟೇಪು, ಕ್ಯಾಮರಾ ಹಿಡಿದು ಬಂದಿದ್ದರು, ಹಳೇ ಮನೆ ಅಳೆಯುತ್ತೇವೆ ಅಂತ. ಪರ ಗಂಡಸರು ಬಂದರೆ ನಮ್ಮಲ್ಲಿ ಹೆಂಗಸರು ಒಳಕೋಣೆ ಸೇರುತ್ತಾರೆ. ಅಬ್ಬಾನ ತಾಯಿ ದಾದಿ ಖಾಸೀಂಬಿ, ಅಮ್ಮಿ, ನಾನು ಒಳಗೆ ಹೋದೆವು. ಪರದೆ ಗಾಳಿಗೆ ಹಾರೀತು ಅಂತ ಅಬ್ಬಾ ಯಾರಿಗೋ ಮಾಡಿಟ್ಟಿದ್ದ ಅಲಮಾರಿಯನ್ನು ಬಾಗಿಲಿಗೆ ಅಡ್ಡ ಸರಿಸಿದ. ಮೂರು ತಾಸು ಕೂತೆವು. ದಾದಿಗೆ ಕೆಮ್ಮು, ಸೆರಗನ್ನು ಬಾಯಿಗೆ ತುರುಕಿಕೊಂಡು ತಡೆದಳು. ಅಮ್ಮಿ ಅಲ್ಲೇ ಮೂಲೆಯ ಗ್ಯಾಸಿನ ಮೇಲೆ ಆ ಹುಡುಗರಿಗೆ ರೊಟ್ಟಿ ಬಡಿದಳು. "ಏನ್ರಿ ಅದು ಸಪ್ಪಳ?" ಅಂತ ಒಬ್ಬ ಕೇಳಿದ್ದು ಕೇಳಿಸಿತು. "ಬಾಜೂ ಮನಿದು" ಅಂದ ಅಬ್ಬಾ. ಹುಡುಗರು ಹೊರಗೆ ಅಳೆಯಲು ಹೋದಾಗ ಅಲಮಾರಿ ತುಸು ಸರಿಸಿ ರೊಟ್ಟಿ ತೆಗೆದುಕೊಂಡು ಒಯ್ದು ಕೊಟ್ಟ. ಆಗ ನಾವು ಬಾಯಿ ಮುಚ್ಚಿಕೊಂಡು ನಕ್ಕಿದ್ದೆವು.

"ಹೇಳು" ಅಂದರು ಮೇಡಂ.

ನಾಲ್ಕು ಹೊಗಳಿಕೆಯ ಮಾತಾಡಿದ್ದರೆ ಸೀಟು ಕೈಯಲ್ಲಿತ್ತು. ಆದರೆ ನನ್ನ ಬಾಯಿ ನನ್ನ ಮಾತು ಕೇಳಿದ್ದು ಯಾವಾಗ?

"ಇದು ತಪ್ಪದ ರಿ. ಇಲ್ಲಿ ಗೋಡಿ ಇಲ್ಲ, ಕೋಣಿ ಅದ."

ಮೇಡಂ ಹುಬ್ಬೇರಿಸಿದರು. "ಹುಡುಗರು ಒಳಗ ಹೊರಗ ಎರಡೂ ಅಳದಾರ. ಮನಿ ಮಾಲಕರನ್ನೇ ಕೇಳಿ ಬರದಾರ. ನೋಡವ್ವ, ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನು. ಕಥಿ ಕಟ್ಟಬ್ಯಾಡ."

ಅವರ ಪೆನ್ನು ನನ್ನ ಅರ್ಜಿಯ ಮೇಲೆ ನಿಂತಿತ್ತು. ಇದು ನಮ್ಮ ಮನೆ ಅಂದರೆ ಅಬ್ಬಾ ಸುಳ್ಳ. ಅನ್ನದಿದ್ದರೆ ನಾನು ಸುಳ್ಳಿ, ಸೀಟೂ ಇಲ್ಲ, ನಾಳೆಯಿಂದ ಬಿ.ಕಾಂ. ಅಬ್ಬಾನ ಕಡೆ ನೋಡಿದೆ. ಅವನು ಇನ್ನೂ ಕಿಟಕಿಯಾಚೆಗೇ ನೋಡುತ್ತಿದ್ದ. ನನಗೆ ಎಂಥ ಸಿಟ್ಟು ಬಂತೆಂದರೆ ಕಣ್ಣಲ್ಲಿ ನೀರು ಬಂತು. ನಾವಿದ್ದೆವು ಅಂತ ಈ ಭೂಮಿಯ ಮೇಲೆ ಹೇಳಬಲ್ಲವನು ಅವನೊಬ್ಬನೇ, ಅವನು ರಸ್ತೆಯ ಆಟೋ ಎಣಿಸುತ್ತಿದ್ದ.

ಮೇಡಂ ಅರ್ಜಿಯನ್ನು ಬದಿಗೆ ಸರಿಸಿದರು. ಆಗ ಅಬ್ಬಾ ಕೆಮ್ಮಿದ.

"ಮೇಡಂ, ಆ ಮಾಲಕ ನಾನೇರಿ. ಹುಡುಗಿ ಖರೆ ಹೇಳಾಕತ್ಯಾಳ. ಸುಳ್ಳ ಹೇಳಿದಾಂವ ನಾನು."

ಮೇಡಂ ಕೂತೇಬಿಟ್ಟರು.

"ಹಿಂದ ಏನದ ಅಂತ ಕೇಳಿದ್ರಿ ಅವರು. ಕೋಣಿ ಅಂದ್ರ ಅಳೀತೇವಿ ಅಂತಾರ, ಒಳಗ ಹೆಣ್ಮಕ್ಕಳು ಇದ್ರು. ಎಲ್ಲಾ ಗೋಡಿನೇ ಅಂದೇನಿ. ಒಬ್ಬನಾದರೂ ನಗತಾನ ಅಂದ್ಕೊಂಡಿದ್ದೆ. ಎಲ್ಲಾರೂ ಬರಕೊಂಡು ಹೋದ್ರು."

"ಬರೀರಿ ಹಂಗಾದ್ರ" ಅಂತ ಮೇಡಂ ನಕ್ಷೆ ಇಳಿಸಿ ಅವನ ಮುಂದಿಟ್ಟರು. ಅಬ್ಬಾ ಜೇಬಿನಿಂದ ಚಪ್ಪಟೆ ಪೆನ್ಸಿಲ್ ತೆಗೆದ. ಪ್ರಶಸ್ತಿ ಬಂದ ಕಾಗದದ ಮೇಲೆ, ಆ ಕಪ್ಪಿನ ಪಕ್ಕದ ಬಿಳಿಯಲ್ಲಿ, ಅಳುಕಿಲ್ಲದೆ ಗೆರೆ ಎಳೆದ. "ಹನ್ನೊಂದರಾಗ ಎರಡು ಗೋಡಿ ಮೂರು ಫೂಟ್ ತೆಗೀರಿ. ಉಳಿದ ಎಂಟು ಫೂಟ್ ಕೋಣಿ. ಇಲ್ಲಿ ನನ್ನ ಅಮ್ಮನ ಹೊರಸು. ಇಲ್ಲಿ ಗ್ಯಾಸು. ಇಲ್ಲಿ ಸಂದೂಕ, ಅದರ ಮ್ಯಾಲ ಹಾಸಿಗಿ. ಇಲ್ಲಿ ಮಹೆಕ ಕೂತು ಓದತಾಳ." ಒಂದಿಂಚೂ ತಪ್ಪಿಲ್ಲ. ನೋಡನೋಡುತ್ತ ನನ್ನ ಸಿಟ್ಟು ಇಳಿಯಿತು.

"ಕಿಟಕಿ ಎಲ್ಲದ?" ಮೇಡಂ ಕೇಳಿದರು.

ಪೆನ್ಸಿಲ್ ನಿಂತಿತು.

"ಕಿಟಕಿ ಇಲ್ರಿ."

"ಬೆಳಕಿಂಡಿ?"

"ಸೋರತಿತ್ತು. ಫರಸಿ ಕಲ್ಲು ಹಾಕಿ ಮುಚ್ಚೇನಿ. ಹನ್ನೆರಡು ವರ್ಷಾತು."

ಅರ್ಧ ಊರಿಗೆ ಕಿಟಕಿ ಮಾಡಿಕೊಟ್ಟವನು ತಾನೇ ಬರೆದದ್ದನ್ನು ಬಿಟ್ಟಗಣ್ಣಿನಿಂದ ನೋಡುತ್ತಿದ್ದ. ನಾನೇನು ಕಡಿಮೆ? ಬೆಳಕು ಎಲ್ಲಿಂದ ಬರಬೇಕು ಅಂತ ಓದಲು ಹೊರಟವಳು, ಹನ್ನೆರಡು ವರ್ಷ ಆ ಕೋಣೆಯ ಹಳದಿ ಬಲ್ಬಿನ ಕೆಳಗೆ ಪುಸ್ತಕ ಹಿಡಿದು ಕೂತಿದ್ದೆ, ಒಂದು ದಿನವೂ ಹೊಳೆದಿರಲಿಲ್ಲ.

ಮೇಡಂ ನಕ್ಷೆಯನ್ನು ಮತ್ತೆ ಗೋಡೆಗೆ ಹಾಕಲಿಲ್ಲ. "ತಪ್ಪಾಗ್ಯದ ಅಂತ ಪ್ರಶಸ್ತಿ ಕೊಟ್ಟವರಿಗೆ ಇವತ್ತೇ ಬರೀತೇನಿ" ಅಂದರು. ಆಮೇಲೆ ನನ್ನ ಅರ್ಜಿ ಎಳೆದುಕೊಂಡು ಸಹಿ ಹಾಕಿದರು.

ಬಸ್ಸಿನಲ್ಲಿ ಅಬ್ಬಾ ಕೇಳಿದ, "ತಪ್ಪು ನಕ್ಷಿಗೆ ಬಹುಮಾನ ತಗೊಂಡ ಯುನಿವರ್ಸಿಟಿ ಅದು. ಹೈದರಾಬಾದ ಛಲೋ ಏನಬೇ?"

"ಅವರು ನನ್ನ ಏನೂ ಕೇಳಲಿಲ್ಲ ಅಬ್ಬಾ. ಇವರು ಕಿಟಕಿ ಎಲ್ಲದ ಅಂತ ಕೇಳಿದ್ರು."

ಅವನು ತಲೆಯಾಡಿಸಿದ. ಪುಣೆಗೇ ಅಂತಾಯಿತು.

ನಾನು ಹೊರಡುವ ವಾರ ಅಬ್ಬಾ ಅಂಗಡಿ ಮುಚ್ಚಿ ಹಿಂಗೋಡೆಯ ಕಲ್ಲು ತೆಗೆಯತೊಡಗಿದ. ಎರಡು ದಿನ ಧೂಳೋ ಧೂಳು. ದಾದಿ ಬಾಯ್ತುಂಬ ಬೈದಳು. ಮೂರನೆಯ ದಿನ ಬೆಳಿಗ್ಗೆ ತೇಗದ ಚೌಕಟ್ಟು ಕೂರಿಸಿ, ಎರಡೂ ಕದ ತೆರೆದ. ಬಿಸಿಲು ಸೀದಾ ಒಳಗೆ ಬಂದು ಎದುರಿನ ಗೋಡೆಯ ಮೇಲೆ ಬಿತ್ತು.

ಇಜೇರಿಯಿಂದ ಮದುವೆಯಾಗಿ ಬಂದು ಅದೇ ಕೋಣೆಯಲ್ಲಿ ಐವತ್ತು ವರ್ಷ ಕಳೆದ ದಾದಿ ಹೊರಸಿನ ಮೇಲೆ ಎದ್ದು ಕೂತಳು. ಕಣ್ಣಿಗೆ ಕೈ ಅಡ್ಡ ಹಿಡಿದು ಗೋಡೆಯನ್ನೇ ನೋಡಿದಳು. ಬೆಳಕಿಂಡಿ ಮುಚ್ಚಿದ ವರ್ಷವೇ ಅಬ್ಬಾ ಬಳಿದಿದ್ದ ಬಣ್ಣ ಅದು. ಅವಳ ಬಾಯಿ ತೆರೆದೇ ಇತ್ತು.

"ಹುಸೇನ್ಯಾ," ಅಂದಳು, "ಈ ಗೋಡಿ ನೀಲಿ ಅದ ಏನೋ? ನಾ ಇಷ್ಟು ದಿನ ಹಸರು ಅಂದ್ಕೊಂಡಿದ್ದೆ."

ಅಬ್ಬಾ ಕೈಯಲ್ಲಿದ್ದ ಸುತ್ತಿಗೆಯನ್ನು ನೆಲಕ್ಕಿಟ್ಟ. ಹೊರಸಿನ ಪಕ್ಕ ನೆಲದ ಮೇಲೆ ಕೂತು ದಾದಿಯ ಕಾಲು ಹಿಡಿದುಕೊಂಡ.