ಬಾಣಂತಿಗೆ ಒಯ್ದ ಮಾಲ್ಟು

ಗೌತಮಿ ಮನೆಯಲ್ಲಿ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಧಾರವಾಡ ರಸ್ತೆಯ ಮೇಲಿರುವ ತನ್ನ ಕಂಪನಿಯಲ್ಲಿ ಮಾಲ್ಟಿನ ಕೆಲಸ ಎಂದಿದ್ದಳು. ಬಾರ್ಲಿಗೆ ಮೊಳಕೆ ಬರಿಸಿ ಹುರಿದರೆ ಅದೇ ಮಾಲ್ಟು. ಅದರಿಂದ ಬಿಯರ್ ಆಗುತ್ತದೆ, ಕುದಿಸಿ ಹುದುಗಿಸುವವಳು ತಾನೇ ಎಂಬ ಬಾಲವನ್ನಷ್ಟೇ ಕತ್ತರಿಸಿ ಇಟ್ಟುಕೊಂಡಿದ್ದಳು. ಬೈಲಹೊಂಗಲದ ಅವರ ಓಣಿಯಲ್ಲಿ ಮಾಲ್ಟ್ ಎಂದರೆ ಒಂದೇ ಅರ್ಥ: ಕೂಸುಗಳಿಗೆ, ಬಾಣಂತಿಯರಿಗೆ, ಜ್ವರ ಬಿಟ್ಟವರಿಗೆ ಬಿಸಿ ಮಾಡಿ ಕುಡಿಸುವುದು. "ನಮ್ಮ ಗೌತಮಿ ಮಂದಿಗೆ ಶಕ್ತಿ ಬರೋದು ಮಾಡ್ತಾಳ" ಎಂದು ಅಜ್ಜಿ ಭಾಗೀರಥಿಬಾಯಿ ಮೂರು ವರ್ಷದಿಂದ ಡಂಗುರ ಸಾರುತ್ತಿದ್ದಳು.

ನಿಜ ಹೇಳಲು ಧೈರ್ಯ ಬಾರದ್ದಕ್ಕೆ ಕಾರಣ ತೀರಿಹೋದ ಕಾಕಾ. ಅವನು ಕುಡಿಯಲು ಕಲಿತಾಗ ಅಜ್ಜಿ ಜಗಳವಾಡಲಿಲ್ಲ, ಮನೆಯಿಂದ ಹೊರಗೂ ಹಾಕಲಿಲ್ಲ. ಅವನ ಕೈಯ ನೀರು ಕುಡಿಯುವುದನ್ನು ಬಿಟ್ಟಳು, ಅಷ್ಟೇ. ಹನ್ನೊಂದು ವರ್ಷ. ಹೆತ್ತ ಮಗ ತಂಬಿಗೆ ಹಿಡಿದು ನಿಂತರೆ ತಾನೇ ಎದ್ದುಹೋಗಿ ಕೊಡದಿಂದ ಬಗ್ಗಿಸಿಕೊಳ್ಳುತ್ತಿದ್ದಳು. ತಾಯಿಯಿಲ್ಲದ ಗೌತಮಿಯನ್ನು ಬೆಳೆಸಿದವಳು ಇದೇ ಅಜ್ಜಿ. ಊಟಕ್ಕೆ ಕೂತು "ನೀರು ಕೊಡು, ಗೌತಮಿ" ಎಂದು ಅವಳು ಕೈಚಾಚುವುದು ನಿಂತುಹೋದರೆ ತನ್ನಿಂದ ತಡೆದುಕೊಳ್ಳಲಾಗದು ಎಂಬುದು ಗೌತಮಿಗೆ ಚೆನ್ನಾಗಿ ಗೊತ್ತಿತ್ತು.

ಆ ಭಾನುವಾರ ಬೆಳಗ್ಗೆ ಊರಿಗೆ ಬಂದವಳ ಚೀಲದಲ್ಲಿ ಎರಡು ಬಾಟಲಿಗಳಿದ್ದವು. ಕಿತ್ತೂರು ಕಡೆಯ ಬೆಲ್ಲ ಹಾಕಿ, ಮಾಲ್ಟನ್ನು ಧಾರಾಳವಾಗಿ ಸುರಿದು, ಹಾಪ್ಸ್ ಎಂಬ ಕಹಿ ಹೂವನ್ನೂ ಕೈತುಂಬ ಬೆರೆಸಿದ ಹೊಸ ಏಲ್. ಬಿಯರಿನಲ್ಲೇ ಖಡಕ್ ಜಾತಿಯದು. ಅದರ ರುಚಿ ಹೇಗಿದೆ ಎಂದು ಸಂಜೆಯೊಳಗೆ ಕಂಪನಿಗೆ ಬರೆದು ಕಳಿಸಬೇಕಿತ್ತು. ಬಾಟಲಿಗಳನ್ನು ಫ್ರಿಜ್ಜಿನಲ್ಲಿ ಮಜ್ಜಿಗೆ ಪಾತ್ರೆಯ ಹಿಂದೆ ಅಡಗಿಸಿ ಸ್ನಾನಕ್ಕೆ ಹೋದಳು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಎರಡರ ಮೇಲೂ ಚೀಟಿ ಅಂಟಿಸಿ, ತನ್ನದೇ ದುಂಡು ಅಕ್ಷರದಲ್ಲಿ "ಮಾಲ್ಟ್ ಹೆಚ್ಚು" ಎಂದು ಬರೆದದ್ದು ಆಗ ಅವಳಿಗೆ ನೆನಪಾಗಲಿಲ್ಲ.

ತಲೆಗೆ ಟವೆಲ್ ಸುತ್ತಿಕೊಂಡು ಹೊರಬಂದರೆ ಅಜ್ಜಿ ಅಡುಗೆಮನೆಯಲ್ಲಿ ಮಣೆಯ ಮೇಲೆ ಕೂತಿದ್ದಾಳೆ. ಕೈಯಲ್ಲಿ ಬೆಳ್ಳಿ ಬಟ್ಟಲು, ಪಕ್ಕದಲ್ಲಿ ಬಿರಡೆ ತೆಗೆದ ಬಾಟಲಿ, ಕಣ್ಣು ಮುಚ್ಚಿವೆ.

"ಬಾ, ನಿನ್ನ ಮಾಲ್ಟಿನ ರುಚಿ ನೋಡ್ಲಿಕ್ಕತ್ತೀನಿ," ಎಂದಳು ಅಜ್ಜಿ. "ಮೂಗಿಗೆ ಹಿಡದ್ರ ಮೊದಲ ಕಿತ್ತಳಿ ಸಿಪ್ಪಿ. ಅದರ ಹಿಂದ, ಗಾಣದ ಮನ್ಯಾಗ ಬೆಲ್ಲದ ಪಾಕ ಏರಿದಾಗ ಬರ್ತದಲ್ಲ, ಆ ವಾಸನಿ. ನಾಲಿಗಿ ಮ್ಯಾಲೆ ಸಿಹಿ, ಭಕ್ಕರಿ ಅಂಚು ಸೀದಂಗ. ಇಲ್ಲೀತನಕ ಛಂದ ಅದ. ಆಮ್ಯಾಲೆ ಕಹಿ ಬರ್ತದ ನೋಡು! ಬೇವಿಂದಲ್ಲ, ಹಾಗಲಕಾಯಿದಲ್ಲ, ಯಾವುದೋ ಹೂವಿನ ಕಹಿ. ನುಂಗಿದ ಮ್ಯಾಲೆ ಎದಿಯೊಳಗ ಬೆಚ್ಚಗ, ಒಲಿ ಮುಂದ ಕೂತಂಗ."

ಗೌತಮಿ ಫ್ರಿಜ್ಜು ತೆರೆದು ನೋಡಿದಳು, ಮಜ್ಜಿಗೆ ಪಾತ್ರೆಯ ಹಿಂದೆ ಏನೂ ಇರಲಿಲ್ಲ. ಆ ಗಾಬರಿಯಲ್ಲೂ, ತಿಂಗಳುಗಟ್ಟಲೆ ತಿಣುಕಿದರೂ ತನಗೆ ಇಷ್ಟು ಸರಿಯಾಗಿ ಬರೆಯಲು ಬರುತ್ತಿರಲಿಲ್ಲ ಎನ್ನಿಸಿತು.

"ಅಜ್ಜಿ, ಇನ್ನೊಂದು ಬಾಟ್ಲಿ ಎಲ್ಲದ?"

"ದುರ್ಗಾ ಒಯ್ದಳು. ಆಕಿ ಮಗಳು ಅನ್ನಪೂರ್ಣಾ ಹೂಲಿಯಿಂದ ಹಡೀಲಿಕ್ಕೆ ಬಂದಾಳಲ್ಲ? ಬಾಣಂತಿಗೆ ಬಿಸಿ ಮಾಡಿ ಕುಡಸು ಅಂದೆ."

ಇಪ್ಪತ್ತು ದಿನದ ಬಾಣಂತಿ! ಗೌತಮಿ ಬರಿಗಾಲಲ್ಲೇ ಓಡಿದಳು. ತಲೆಯ ಟವೆಲ್ ಹೊಸ್ತಿಲಲ್ಲೇ ಬಿತ್ತು. ದುರ್ಗಾಳದು ನಾಲ್ಕನೇ ಮನೆ. ಅಂಗಳ ತಲುಪುವಷ್ಟರಲ್ಲಿ, ದುರ್ಗಾ ಲೋಟ ಹಿಡಿದು ಬಾಣಂತಿಯ ಕೋಣೆಗೆ ಹೊರಟದ್ದು ಕಿಟಕಿಯಲ್ಲಿ ಕಂಡಿತು. ಹತ್ತಿರ ಹೋಗಿ ಪಿಸುಗುಟ್ಟಲು, ಇನ್ನೊಂದು ಸುಳ್ಳು ಹೆಣೆಯಲು ಹೊತ್ತಿರಲಿಲ್ಲ.

"ದುರ್ಗಕ್ಕಾ, ಕುಡಸಬ್ಯಾಡ್ರಿ! ಅದು ಕುಡಸೋ ಮಾಲ್ಟ್ ಅಲ್ಲರಿ, ಬಿಯರ್! ನಾ ಮಾಡೋದ ಬಿಯರ್ರಿ!"

ಎದುರಿನ ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದ ಬಸಲಿಂಗಪ್ಪ ಕನ್ನಡಕ ತೆಗೆದು ನೋಡಿದ. ದುರ್ಗಾ ಕಿಟಕಿಗೆ ಬಂದಳು, ಗೌತಮಿಯ ಮುಖ ನೋಡಿದಳು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅದಕ್ಕ ಹಂಗ ಉಕ್ಕಿತು ನೋಡವ್ವ! ಪಾತೇಲಿಗೆ ಹಾಕಿ ಬಿಸಿಗಿಟ್ಟಿದ್ದೆ. ಬುಸ್ಸಂತ ಎದ್ದು ಎಲ್ಲಾ ಗ್ಯಾಸಿನ ಮ್ಯಾಲ ಹರೀತು. ಕೆಟ್ಟೈತೇನೋ ಅಂತ ಉಳಿದದ್ದನ್ನ ಚೆಲ್ಲಿ ಬಿಟ್ಟೆ. ಇದ್ರಾಗ ಇರೋದು ಬರೇ ಹಾಲೈತಿ."

ಗೌತಮಿ ಅಲ್ಲೇ ಬಾಗಿಲ ಚೌಕಟ್ಟಿಗೆ ಒರಗಿ ಕೂತುಬಿಟ್ಟಳು. ಒಂದು ಹನಿಯೂ ಬಾಣಂತಿಯ ಬಾಯಿಗೆ ಹೋಗಿಲ್ಲ! ನಗು, ಅಳು ಎರಡೂ ಒಟ್ಟಿಗೇ ಬಂದವು. ಅವು ಇಳಿದ ಮೇಲಷ್ಟೇ ನಾಲ್ಕು ಮನೆ ದೂರದ ತಮ್ಮ ತೆರೆದ ಬಾಗಿಲು ಕಣ್ಣಿಗೆ ಬಿತ್ತು.

ಅಜ್ಜಿ ಅದೇ ಮಣೆಯ ಮೇಲಿದ್ದಳು. ಬಟ್ಟಲು ಬರಿದಾಗಿತ್ತು.

"ಕೇಳಿಸ್ತೇನು, ಅಜ್ಜಿ?"

"ಕಿವಿ ಇನ್ನೂ ಛಲೋ ಅವ. ನೀ ಕುಡೀತೀಯೇನು?"

"ರುಚಿ ನೋಡಿ ಕಂಪನಿಗೆ ಬರದು ಕಳಸೋದಷ್ಟ. ಎರಡು ಗುಟುಕು."

ಅಜ್ಜಿ ಬಟ್ಟಲನ್ನು ಬೆರಳಲ್ಲಿ ತಿರುಗಿಸುತ್ತ ಕೂತಳು. "ನಿಮ್ಮ ಕಾಕಾ ಬಾಯಿ ನಾರ್ತಿದ್ರೂ ಕುಡದಿಲ್ಲವ್ವ ಅಂತಿದ್ದ. ನನ್ನ ತಲಿ ಮುಟ್ಟಿ ಆಣಿ ಮಾಡ್ತಿದ್ದ. ನಾ ಅವನ ಕೈಯಾಗಿನ ನೀರು ಬಿಟ್ಟದ್ದು ಆ ಸುಳ್ಳಿಗೆ."

ಇಷ್ಟು ದಿನ ಗೌತಮಿ ಹೆದರಿದ್ದು ಬಿಯರಿಗೆ. ಹೆದರಬೇಕಾಗಿದ್ದದ್ದು ಸುಳ್ಳಿಗೆ.

"ನಾನೂ ಮೂರು ವರ್ಷ ಸುಳ್ಳ ಹೇಳೀನಿ."

"ಹೇಳಿದಿ. ಇವತ್ತ ಬಾಯಿ ಮುಚ್ಚಿಕೊಂಡಿದ್ರ ನಿನ್ನ ಮಾನ ಉಳೀತಿತ್ತು. ಹೆರವರ ಮನಿ ಬಾಣಂತಿ ಸಲುವಾಗಿ ಓಣಿ ತುಂಬ ಒದರಿದಿ."

ಅಜ್ಜಿ ಎದ್ದಳು. ನೀರಿನ ಕೊಡ ಮೂಲೆಯಲ್ಲಿತ್ತು. ಕಾಕಾ ನಿಂತಾಗಲೂ ಹೀಗೇ ಏಳುತ್ತಿದ್ದಳು. ಅಜ್ಜಿ ಕೊಡವನ್ನು ದಾಟಿ ಹೋಗಿ, ಬಟ್ಟಲನ್ನು ಮುಸುರೆಗೆ ಹಾಕಿ, ತಿರುಗಿ ಬಂದು ಮಣೆಯ ಮೇಲೆ ಕೂತಳು. ಕೈಚಾಚಿದಳು.

"ಬಾಯೆಲ್ಲಾ ಕಹಿ ಆಗ್ಯದ. ನೀರು ಕೊಡು, ಗೌತಮಿ."

ಗೌತಮಿ ಅವಸರದಲ್ಲಿ ತಂಬಿಗೆ ಚಾಚಿ ಅರ್ಧ ನೀರನ್ನು ಅಜ್ಜಿಯ ಸೆರಗಿನ ಮೇಲೆಯೇ ಚೆಲ್ಲಿದಳು. ಉಳಿದರ್ಧವನ್ನು ಅಜ್ಜಿ ಗಟಗಟನೆ ಕುಡಿದು, ತುಟಿ ಒರೆಸಿಕೊಂಡು, ನಾಲಿಗೆ ಚಪ್ಪರಿಸಿದಳು.

"ನೀರು ಕುಡದ್ರೂ ಕಹಿ ಹೋಗೂದಿಲ್ಲ ನೋಡು," ಎಂದಳು. "ಅದನ್ನೂ ಬರಕೋ."