ಹಿಮ್ಮೇಳದವನ ರಬ್ಬರು

ಮಸಗುಪ್ಪಿಯ ಶಿದ್ಲಿಂಗಪ್ಪನ ಎದುರು ಮೊದಲ ಸಲ ಕೂತು ಮಾತಾಡಿದವರು, ಈ ಮುದುಕ ತಮ್ಮನ್ನು ಅಣಕಿಸುತ್ತಿದ್ದಾನೆಯೇ ಎಂದು ಒಂದು ಗಳಿಗೆ ಅನುಮಾನ ಪಡುತ್ತಾರೆ. ಎದುರಿನವರು ಆಡಿದ ಮಾತಿನ ಕೊನೆಯ ಶಬ್ದವನ್ನು ಅವನು ನೆಲಕ್ಕೆ ಬೀಳಗೊಡುವುದಿಲ್ಲ. "ನಿನ್ನಿ ಕಲ್ಲೋಳಿಗಿ ಹೋಗಿದ್ದೆ" ಅಂದರೆ "ಹೋಗಿದ್ದಿ" ಎನ್ನುತ್ತಾನೆ, "ಬಸ್ಸ ತಡಾ ಆತು" ಅಂದರೆ "ತಡಾ ಆತು" ಎಂದು ತಲೆದೂಗುತ್ತಾನೆ, ಡಾಕ್ಟರು "ಬಿ.ಪಿ. ಏರೇತಿ" ಅಂದಾಗಲೂ ಅದೇ ಲಯದಲ್ಲಿ "ಏರೇತಿ" ಎಂದು ಹೇಳಿ, ಗುಳಿಗೆಯ ಚೀಟಿ ಮಡಚಿಕೊಂಡು ಎದ್ದು ಬಂದವನು. ಅದು ಅಣಕವಲ್ಲ, ಕಿವಿ ಮಂದವೂ ಅಲ್ಲ. ನಲವತ್ತೊಂದು ವರ್ಷ ಗೀಗೀ ಮೇಳದಲ್ಲಿ ಹಿಂದೆ ನಿಂತವನ ನಾಲಿಗೆ ಅದು. ಮುಂದಿನವನು ದಪ್ಪು ಬಡಿದು ಒಂದು ಸಾಲು ಎಸೆದರೆ, ಹಿಂದಿನವನು ಆ ಸಾಲಿನ ಬಾಲ ಹಿಡಿದು, ಅದಕ್ಕೆ ಉತ್ತರದ ಸಾಲೊಂದನ್ನು ಜೋಡಿಸಿ, "ಜೀ" ಎಂದು ತಿರುಗಿಸಿ ಕೊಡಬೇಕು. ಆ ಕಸುಬು ಮೇಳ ಮುಗಿದ ಮೇಲೂ ಅವನ ಬಾಯಿ ಬಿಟ್ಟು ಹೋಗಲಿಲ್ಲ.

ಅವನ ನಡಿಗೆಯೂ ಹಾಗೆಯೇ. ಅಷ್ಟು ವರ್ಷ ಎಡಗಂಕುಳಲ್ಲಿ ತುಂತುಣಿ ಇರುಕಿಕೊಂಡು ನಿಂತದ್ದರಿಂದ, ವಾದ್ಯ ಗೂಟಕ್ಕೆ ಏರಿ ಎರಡು ವರ್ಷವಾದರೂ ಎಡತೋಳು ಮೈಗೆ ಅಂಟುವುದಿಲ್ಲ. ಕಾಣದ ಕೊಡವೊಂದನ್ನು ಹೊತ್ತವನಂತೆ ಒಂದು ಬದಿಗೆ ಓಲಿ ನಡೆಯುತ್ತಾನೆ. ಮೇಲೊಂದು ಕರಿ ಕೋಟು. ಬಿಸಿಲಿರಲಿ, ಮಳೆಯಿರಲಿ, ಮನೆಯ ಹೊಸ್ತಿಲು ದಾಟಿದರೆ ಅದು ಮೈಮೇಲೆ ಇರಲೇಬೇಕು. ಮೇಳದ ಯಜಮಾನ ಕೇದಾರಿ ಗೋಕಾಕದ ಪೇಟೆಯಲ್ಲಿ ಹೊಲಿಸಿಕೊಟ್ಟದ್ದು. ಅದರ ಎಡಗಿಸೆಯನ್ನು ಶಿದ್ಲಿಂಗಪ್ಪ ಹತ್ತು ಹೆಜ್ಜೆಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಾನೆ. ಮೊನ್ನೆ ಮೊನ್ನೆಯವರೆಗೂ ಒಳಗಿದ್ದದ್ದು ಹುಣಸೆಬೀಜದಷ್ಟು ಸವೆದ ಒಂದು ರಬ್ಬರು, ಸಾಲಿ ಹುಡುಗರು ಪೆನ್ಸಿಲ್ ಅಳಿಸುವಂಥದ್ದು. ಎಪ್ಪತ್ತರ ಮುದುಕನಿಗೆ ಅದು ಯಾಕೆ ಬೇಕಿತ್ತು ಎನ್ನುವುದನ್ನು ಹೇಳಬೇಕಾದರೆ ಕೇದಾರಿಯ ಕಾಗದಗಳ ಸುದ್ದಿ ಹೇಳಬೇಕು.

ಕೇದಾರಿ ಬರಿಯ ಹಾಡುಗಾರನಲ್ಲ, ಬರೆಯುವ ಚಟ ಹತ್ತಿದವನು. ಸಾಲಿ ಕಲಿತದ್ದು ನಾಲ್ಕನೆಯ ಇಯತ್ತೆ. ಬರೆದದ್ದು ಹನ್ನೊಂದು ಉದ್ದಬುಕ್ಕು. ಕಬ್ಬಿನ ತೂಕದ ಚೀಟಿಯ ಬೆನ್ನು, ಲಗ್ನಪತ್ರಿಕೆಯ ಒಳಮೈ, ಹಳೆಯ ಕ್ಯಾಲೆಂಡರಿನ ಹಾಳೆ, ಬಿಳಿ ಕಂಡಲ್ಲೆಲ್ಲ ಬರೆದ. ಪದಗಳಷ್ಟೇ ಅಲ್ಲದೆ, ಯಾವ ಊರಲ್ಲಿ ಮೇಳಕ್ಕೆ ಯಾರು ಉಣ್ಣಲು ಇಟ್ಟರು, ಯಾವ ಗೌಡ ಹಾಡಿನ ನಡುವೆ ಎದ್ದು ಹೋದ, ಯಾವ ಹಳ್ಳದ ದಂಡೆಯಲ್ಲಿ ಯಾವ ಸಾಲು ಹೊಳೆಯಿತು ಎಂಬುದೆಲ್ಲ ಅದರಲ್ಲಿತ್ತು. ಅವನು ತೀರಿಕೊಂಡ ಮೇಲೆ ಮಕ್ಕಳು ಆ ಟ್ರಂಕನ್ನು ಶಿದ್ಲಿಂಗಪ್ಪನ ಪಡಸಾಲೆಗೆ ತಂದಿಟ್ಟು, "ಕಾಕಾ, ಇದರ ಜಂಜಾಟ ನಿಮಗ ಗೊತ್ತು" ಎಂದು ಕೈಮುಗಿದು ಹೋದರು. ಗೋಕಾಕದ ಒಂದು ಗ್ರಂಥಾಲಯದವರು ಇಂಥ ಕಾಗದಗಳನ್ನು ಕಾಪಿಡುತ್ತಾರೆ ಎಂದು ಕೇಳಿ, ಆರು ತಿಂಗಳ ಹಿಂದೆ ಅವನೇ ಟೆಂಪೋದಲ್ಲಿ ಟ್ರಂಕು ಹೇರಿಕೊಂಡು ಹೋಗಿ ಕೊಟ್ಟುಬಂದ. ಕೊಡುವ ಮುಂಚೆ ಮಾತ್ರ ಒಂದು ಕೆಲಸ ಮಾಡಿದ.

ಗೀಗೀ ಮೇಳದವರು ಪದವನ್ನು ಪೂರಾ ಬರೆಯುವುದಿಲ್ಲ. ಎದುರಿನ ಮೇಳದವರು ಪುಸ್ತಕ ಕದ್ದರೂ ಅವರ ಕೈಗೆ ಪದ ಸಿಗಬಾರದೆಂದು, ಮುಂದಿನವನ ಸಾಲು ಪುಸ್ತಕದಲ್ಲಿ, ಹಿಂದಿನವನ ಉತ್ತರ ಬಾಯಲ್ಲಿ ಎಂದು ಹಂಚಿಕೊಂಡು ಇಡುವುದು ಈ ಕಡೆಯ ಮೇಳಗಳ ರೀತಿ. ಕೇದಾರಿಯ ಉದ್ದಬುಕ್ಕುಗಳಲ್ಲಿಯೂ ಇರುವುದು ಅರ್ಧರ್ಧ ಪದ. ಉಳಿದರ್ಧ ಶಿದ್ಲಿಂಗಪ್ಪನಲ್ಲಿತ್ತು. ಅವನಿಗೆ ಅಕ್ಷರ ಬಾರದು. ಆದ್ದರಿಂದ ಮೇಳಕ್ಕೆ ಹೊರಡುವ ಮುಂಚೆ ಕೇದಾರಿ ಸಾಲು ಓದಿ ಹೇಳಿದಂತೆ, ಇವನು ಪ್ರತಿ ಸಾಲಿನ ಪಕ್ಕ ತನ್ನ ಉತ್ತರದ ನೆನಪಿಗೆ ಪೆನ್ಸಿಲಿನಿಂದ ಒಂದು ಸಣ್ಣ ಚಿತ್ರ ಬರೆದುಕೊಳ್ಳುತ್ತಿದ್ದ. ಒಂದು ಕಡೆ ಗಡಿಗೆ, ಒಂದು ಕಡೆ ಚೇಳು, ಇನ್ನೊಂದು ಕಡೆ ಒಂಟಿ ಚಪ್ಪಲಿ. ಹನ್ನೊಂದು ಬುಕ್ಕಿನ ಅಂಚಿನ ತುಂಬ ಅವನ ಸಂಸಾರವೇ ಇತ್ತು.

ಪುಸ್ತಕಗಳು ಗೋಕಾಕಕ್ಕೆ ಹೋಗುವುದು ನಿಕ್ಕಿಯಾದ ದಿನ ಅವನಿಗೆ ನಾಚಿಕೆ ಬಂತು. ಓದಿದವರು, ದೊಡ್ಡವರು ಬಿಚ್ಚಿ ನೋಡುವ ಪುಸ್ತಕ. ತಾನು ಅಣ್ಣ ಎನ್ನುತ್ತಿದ್ದ ಕೇದಾರಿಯ ಮುತ್ತಿನಂಥ ಅಕ್ಷರದ ಪಕ್ಕ ತನ್ನ ಹುಡುಗಾಟಿಕೆಯ ಗೀಚು ಯಾಕಿರಬೇಕು ಎಂದು, ಮೂಡಲಗಿಯಲ್ಲಿ ನಾಲ್ಕು ರಬ್ಬರು ಕೊಂಡು, ಮೂರು ದಿನ ಪಡಸಾಲೆಯಲ್ಲಿ ಕೂತು, ಒಂದೊಂದೇ ಚಿತ್ರವನ್ನು ಭಕ್ತಿಯಿಂದ ಅಳಿಸಿದ. ಹಾಳೆ ಹರಿಯದಂತೆ, ಅಣ್ಣನ ಅಕ್ಷರಕ್ಕೆ ತಾಕದಂತೆ ಅಳಿಸಿದ. ಕೊನೆಗೆ ಉಳಿದ ರಬ್ಬರಿನ ಚೂರನ್ನು ಎಸೆಯಲು ಮನಸ್ಸಾಗದೆ ಕೋಟಿನ ಕಿಸೆಗೆ ಹಾಕಿಕೊಂಡ.

ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಆ ಕಾಗದಗಳನ್ನು ನೋಡಿಕೊಳ್ಳುವವನು ಗಜಾನನ, ನಲವತ್ತರ ಆಚೀಚೆಯವ, ತಾಳ್ಮೆಯ ಮನುಷ್ಯ. ಬುಕ್ಕುಗಳಿಗೆ ಬೂದುಬಣ್ಣದ ರಟ್ಟಿನ ಪೆಟ್ಟಿಗೆ ಮಾಡಿಸಿ, ಮೇಲೆ ಕೇದಾರಿಯ ಹೆಸರು ಬರೆಸಿದ್ದಾನೆ. ಶಿದ್ಲಿಂಗಪ್ಪ ವಾರಕ್ಕೊಮ್ಮೆ ಬಸ್ಸು ಹತ್ತಿ ಅವುಗಳ ಯೋಗಕ್ಷೇಮ ವಿಚಾರಿಸಲು ಹೋಗುತ್ತಾನೆ. ಬಲಗಿಸೆಯಲ್ಲಿ ಬೇವಿನ ಎಲೆ. ಹುಳ ಹತ್ತಿದರೆ ಏನು ಗತಿ ಎಂಬ ಚಿಂತೆ.

"ಎಲಿ ಹೊರಗ ಇಡ್ರಿ ಕಾಕಾ" ಎಂದು ಗಜಾನನ ಬಾಗಿಲಲ್ಲೇ ತಡೆಯುತ್ತಾನೆ.

"ಇಡ್ರಿ" ಎಂದು ಶಿದ್ಲಿಂಗಪ್ಪ ಕಟ್ಟೆಯ ಮೇಲೆ ಎಲೆ ಇಟ್ಟು, ಒಳಗೆ ಹೋಗಿ, ಪೆಟ್ಟಿಗೆಗಳನ್ನು ಎಣಿಸಿ, ಒಂದನ್ನೂ ಮುಟ್ಟದೆ ಹಿಂದಿರುಗುತ್ತಾನೆ.

ಕಷ್ಟ ಶುರುವಾದದ್ದು ಈ ಮಾಘದಲ್ಲಿ. ಕೇದಾರಿಯ ಪದಗಳ ಪುಸ್ತಕ ಯುಗಾದಿಗೆ ಅಚ್ಚಾಗಿ ಬರುತ್ತದೆಂದು ಗಜಾನನ ಸಂಭ್ರಮದಿಂದ ಹೇಳಿ, ಒಂದು ಹಾಳೆ ತೆಗೆದು ಕೇಳಿದ: "ಕಾಕಾ, ಎಲ್ಲಾ ಕಡೆ ಸವಾಲ ಅಷ್ಟ ಐತಿ. ಜವಾಬ ಬ್ಯಾರೆ ಬುಕ್ಕಿನ್ಯಾಗ ಐತೇನ್ರಿ?"

"ಐತೇನ್ರಿ" ಎಂದ ಶಿದ್ಲಿಂಗಪ್ಪ.

ಜವಾಬು ತನ್ನ ಬಾಯಲ್ಲಿ ಭದ್ರವಾಗಿದೆ ಎಂದೇ ಅವನು ತಿಳಿದಿದ್ದ. ಗಜಾನನ ಸಾಲು ಓದಿದ. ಬರಲಿಲ್ಲ. ಮತ್ತೊಮ್ಮೆ, ನಿಧಾನವಾಗಿ, ಪತ್ರಿಕೆ ಓದಿದಂತೆ ಸ್ಪಷ್ಟವಾಗಿ ಓದಿದ. ಶಿದ್ಲಿಂಗಪ್ಪನ ಬಾಯಿಂದ ಹೊರಟದ್ದು ಸಾಲಿನ ಕೊನೆಯ ಶಬ್ದ ಮಾತ್ರ. ದಪ್ಪಿನ ಪೆಟ್ಟಿಲ್ಲದ, ಏರಿಳಿತವಿಲ್ಲದ ಆ ಓದಿಗೆ ಹಿಂದಿನವನ ಸಾಲು ಎದ್ದು ಬರಲೊಲ್ಲದು. ತಾನೇ ಮೊದಲಾಗಿ ಹಾಡಿ ನೋಡೋಣವೆಂದರೆ, ಜನ್ಮದಲ್ಲಿ ಎಂದೂ ಮೊದಲು ಬಾಯಿ ತೆರೆದವನಲ್ಲ. ಮೊಬೈಲಿನಲ್ಲಿ ಯಾರೋ ಹಿಡಿದ ನಾಲ್ಕಾರು ವಿಡಿಯೋ ತರಿಸಿದರು. ಮೈಕು ಕೇದಾರಿಯ ಮುಂದೆ ಇತ್ತು. ಹಿಂದಿನವರ ದನಿ ಬಾಜೂ ಮನೆಯ ಜಗಳದಂತೆ ದೂರದಲ್ಲಿ ಗುಜುಗುಜು ಎನ್ನುತ್ತಿತ್ತು. ಮೇಳದಲ್ಲಿ ತಾಳ ಹಿಡಿಯುತ್ತಿದ್ದ ಮೂರನೆಯವನೂ ತೀರಿಹೋಗಿದ್ದ.

ಅಂದಿನಿಂದ ಶಿದ್ಲಿಂಗಪ್ಪನಿಗೆ ಉಂಡದ್ದು ಮೈಗೆ ಹತ್ತಲಿಲ್ಲ. ಹೊಲದಲ್ಲಿ ನಿಂತು ತನ್ನಷ್ಟಕ್ಕೆ "ಜೀ" ಎನ್ನುವನು, ಮುಂದೆ ಏನೂ ಬರದು. ಇವತ್ತು ಸಿಕ್ಕ ಒಂದು ಸಾಲು ನಾಳೆಗೆ ಉಳಿಯುವುದೋ ಇಲ್ಲವೋ ಎಂಬ ದಿಗಿಲು. ಅಣ್ಣನ ಪದಗಳು ಒಂದೇ ಕಾಲಿನ ಮೇಲೆ ಅಚ್ಚಾಗಿ ಹೋಗುತ್ತವೆ, ಓದಿದವರು ಕೇದಾರಿಗೆ ಪದ ಮುಗಿಸಲು ಬರುತ್ತಿರಲಿಲ್ಲ ಎಂದುಕೊಳ್ಳುತ್ತಾರೆ, ಆ ಕಾಲು ಕಡಿದವನು ನಾನು ಎಂಬುದು ಎದೆಯಲ್ಲಿ ಮುಳ್ಳಾಗಿ ಕೂತಿತು. ಮರುವಾರ ಗೋಕಾಕಕ್ಕೆ ಹೋದವನು, ಕಿಸೆಯಿಂದ ರಬ್ಬರು ತೆಗೆದು ಗಜಾನನನ ಮೇಜಿನ ಮೇಲಿಟ್ಟ.

"ಇದರ್ಲೆ ಅಳಿಸೇನಿ ತಮ್ಮಾ. ನನ್ನ ಗೀಚು ಯಾಕಂತ ಅಳಿಸಿದೆ."

ಗಜಾನನ ಬೈಯಲಿಲ್ಲ. ಬುಕ್ಕು ತೆರೆದು, ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ. ಪೆನ್ಸಿಲ್ ಊರಿದ ಕಡೆ ಸಣ್ಣ ತಗ್ಗು ಉಳಿದಿತ್ತು.

"ಇಲ್ಲೊಂದ ಗಡಿಗಿ ಕಾಣತೈತಿ ಕಾಕಾ."

"ಗಡಿಗಿ" ಎಂದ ಶಿದ್ಲಿಂಗಪ್ಪ. ಕಣ್ಣು ಒರೆಸಿಕೊಂಡ. "ಗಡಿಗಿ ಖರೆ. ಅದರಾಗ ಏನ ತುಂಬಿಟ್ಟಿದ್ದೆ ಅನ್ನೂದ ನೆನಪಿಲ್ಲ. ಹಾಡಿದ್ರ ಬರತೈತಿ. ಹಾಡಾವ್ರ ಬೇಕಲಾ."

ಹಾಡುವವರು ಒಬ್ಬರಿದ್ದರು. ಅದು ಅವನಿಗೆ ಮೊದಲ ದಿನವೇ ಗೊತ್ತಿತ್ತು; ಬಾಯಿ ಬಿಟ್ಟು ಹೇಳಲು ಧೈರ್ಯವಿರಲಿಲ್ಲ. ಗಂಡೇ ಹೆಚ್ಚು ಎಂದು ವಾದಿಸಿ ಹಾಡುವ ಹರದೇಶಿ ಮೇಳ ಕೇದಾರಿಯದು. ಹೆಣ್ಣೇ ಹೆಚ್ಚು ಎಂದು ವಾದಿಸುವ ನಾಗೇಶಿ ಮೇಳ ಘೋಡಗೇರಿಯ ಇಂದ್ರವ್ವನದು. ಇಪ್ಪತ್ತು ವರ್ಷ ಎರಡೂ ಮೇಳ ಎದುರುಬದುರು ನಿಂತು ಹಾಡಿವೆ. ಒಂದು ಹಾಡಿಕೆಯಲ್ಲಿ ಇಂದ್ರವ್ವನ ಸವಾಲಿಗೆ ಉತ್ತರ ಸಿಗದೆ ಸೋತ ದಿನ, ನಮ್ಮ ಪದ ಅವಳ ಕಿವಿಗೆ ಮೊದಲೇ ಹೇಗೆ ಬಿತ್ತು ಎಂದು ಕೇದಾರಿ ಕೆರಳಿ, ಶಿದ್ಲಿಂಗಪ್ಪನಿಂದ ದಪ್ಪು ಮುಟ್ಟಿಸಿ ಆಣೆ ತೆಗೆದುಕೊಂಡಿದ್ದ: ನಾಗೇಶಿಯವರ ಮುಂದೆ ನಮ್ಮ ಪುಸ್ತಕ ಬಿಚ್ಚುವುದಿಲ್ಲ. ಆಣೆ ಕೊಂಡವನು ಹೋದ. ಬಿಡಿಸುವವರು ಯಾರೂ ಉಳಿಯಲಿಲ್ಲ. ಎಂಟು ದಿನ ಹೊಯ್ದಾಡಿ, ಕೊನೆಗೆ ಗಜಾನನನ ಗಾಡಿಯ ಹಿಂದೆ ಕೂತು, ಕೋಟಿನ ಗುಂಡಿ ಕುತ್ತಿಗೆವರೆಗೆ ಹಾಕಿಕೊಂಡು ಘೋಡಗೇರಿಗೆ ಹೊರಟ. ಪುಸ್ತಕ ಗೋಕಾಕದಲ್ಲೇ ಇರಲಿ, ಹಾಳೆಯ ನಕಲು ಗಜಾನನನ ಚೀಲದಲ್ಲಿದ್ದರೂ ಹೊರಗೆ ತೆಗೆಯುವುದು ಬೇಡ ಎಂದು ದಾರಿಯಲ್ಲಿ ಮೂರು ಸಲ ಮಾತು ತೆಗೆದುಕೊಂಡ.

ಇಂದ್ರವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮೊರ ನಿಲ್ಲಿಸದೆ ನೋಡಿದಳು.

"ಏನ್ ಶಿದ್ಲಿಂಗಣ್ಣಾ, ಹಾದಿ ತಪ್ಪಿತೇನು?"

"ತಪ್ಪಿತೇನು" ಎಂದ ಅವನು.

"ಅಯ್ಯ ಶಿವನ, ಇನ್ನೂ ಹಂಗ ಅದಿ. ಯಜಮಾನ ಹೋದ, ಬಾಲ ಉಳೀತು. ಕುಂದರ್ರಿ."

ಶಿದ್ಲಿಂಗಪ್ಪ ಕೂರಲಿಲ್ಲ. "ಪುಸ್ತಕ ತಂದಿಲ್ಲವಾ ನಾ. ಮೊದಲ ಹೇಳತೇನಿ."

"ನನಗ್ಯಾಕ ನಿಮ್ಮ ಪುಸ್ತಕ? ಇಪ್ಪತ್ತ ವರ್ಷ ಎದರಿಗಿ ನಿಂತೇನಿ. ನಿಮ್ಮ ಯಜಮಾನನ ಒಂದೊಂದ ಸಾಲಿಗೂ ಉತ್ತರಾ ಕಟ್ಟಾಕ ನಾ ಎಷ್ಟ ಮುಂಜಾನಿ ಹಾಳ ಮಾಡ್ಕೊಂಡೇನಿ, ನಿನಗೇನ ಗೊತ್ತು. ನೀವು ಮರತೀರಿ, ನಾ ಮರತಿಲ್ಲ."

ಬಂದ ಕಾರಣವನ್ನು ಗಜಾನನ ಹೇಳಿದ. ಚಿತ್ರ ಅಳಿಸಿದ ಸುದ್ದಿ ಕೇಳಿ ಅವಳ ಮೊರ ನಿಂತಿತು. ಆಮೇಲೆ ಎದ್ದು, ಒಳಗಿನಿಂದ ದಪ್ಪು ತಂದು, ಒಲೆಯ ಕೆಂಡಕ್ಕೆ ಹಿಡಿದು ಚರ್ಮ ಬಿಗಿ ಮಾಡಿದಳು. ಹಾಡಿದ್ದು ಕೇದಾರಿಯ ಪದ, ಕೇದಾರಿಯದೇ ಏರುದನಿಯಲ್ಲಿ:

"ನೀರಿಗಿ ಹೆಸರ ಇಟ್ಟಾವ್ರ ಯಾರೋ, ಘಟಪ್ರಭಾ ಅಂದಾವ್ರ ಯಾರೋ—"

ದಪ್ಪು ಒಂದು ಪೆಟ್ಟು ಬಿಟ್ಟು ಕಾಯಿತು. ಶಿದ್ಲಿಂಗಪ್ಪನ ಎಡತೋಳು ಮೈಯಿಂದ ಇನ್ನಷ್ಟು ದೂರ ಸರಿಯಿತು, ಕಂಕುಳಲ್ಲಿಲ್ಲದ ತುಂತುಣಿಯ ತಂತಿಯನ್ನು ಬೆರಳು ಮೀಟಿತು.

"ಖಾಲಿ ಗಡಿಗಿ ತಂದಾವ್ರ ಜೀ, ಬಾಯಾರಿ ಬಂದಾವ್ರ ಜೀ."

ಗಜಾನನ ಬರೆದುಕೊಂಡ. ಆ ದಿನ ಹದಿನಾಲ್ಕು ಪದ ಸಿಕ್ಕವು. ಮತ್ತೆ ಹೋದಾಗ ಒಂಬತ್ತು. ಮೂರನೆಯ ಸಲ ಇಪ್ಪತ್ತು. ಒಂದೊಂದು ಪದ ಬಂದಾಗಲೂ ಶಿದ್ಲಿಂಗಪ್ಪನ ಮುಖದಲ್ಲಿ ಸಮಾಧಾನಕ್ಕಿಂತ ಗಾಬರಿಯೇ ಹೆಚ್ಚು: "ಬರಕೊಂಡಿ? ಖರೆ ಬರಕೊಂಡಿ? ಓದ ಒಮ್ಮಿ." ನಡುವೆ ಕೆಲವಕ್ಕೆ ಇಂದ್ರವ್ವ ಬೇಕೆಂದೇ ಸಾಲು ತಿರುಚಿ ಹಾಡುವಳು; ಅವನು ಸಿಟ್ಟಾಗಿ "ಹಂಗಲ್ಲ ಅದು" ಎಂದು ತಿದ್ದಿದರೆ, "ನೋಡಿದಿ, ನೆನಪೈತಿ ನಿನಗ. ಸುಮ್ಮ ಅಳತಿ" ಎಂದು ನಗುವಳು.

ಕೊನೆಗೆ ಉಳಿದದ್ದು ಹನ್ನೊಂದನೆಯ ಬುಕ್ಕಿನ ಕೊನೆಯ ಪದ, ಕೇದಾರಿ ಹಾಸಿಗೆ ಹಿಡಿದಾಗ ಬರೆದದ್ದು. ಅದನ್ನು ಇಂದ್ರವ್ವ ಕೇಳಿಯೇ ಇರಲಿಲ್ಲ. ಓರೆ ಬೆಳಕಿಗೆ ಹಿಡಿದಾಗ ಆ ಹಾಳೆಯ ಅಂಚಿನಲ್ಲಿ ಒಂದು ತಗ್ಗೂ ಕಂಡಿರಲಿಲ್ಲ. ಹಾಗಾದರೆ ಉತ್ತರವೇ ಕಟ್ಟಿರಲಿಲ್ಲವೇನೋ ಎಂದ ಗಜಾನನ. ಶಿದ್ಲಿಂಗಪ್ಪ ಒಪ್ಪಲಿಲ್ಲ. ಆ ದಿನಗಳಲ್ಲಿ ತನ್ನ ಕೈಯೂ ನಡುಗುತ್ತಿತ್ತು, ಪೆನ್ಸಿಲ್ ಊರಿರಲಿಕ್ಕಿಲ್ಲ. ಚಿತ್ರ ಇತ್ತೋ, ಇಲ್ಲವೋ, ತಾನು ಅಳಿಸಿದೆನೋ, ಅಳಿಸಲಿಲ್ಲವೋ, ಅವನಿಗೆ ನೆನಪಾಗದು. ಅದನ್ನು ಹಾಡಿಸಬೇಕಾದರೆ ಹಾಳೆಯನ್ನು ಇಂದ್ರವ್ವನ ಮುಂದೆ ಬಿಚ್ಚಲೇಬೇಕು. ಅವನು ಕಿಸೆ ಮುಟ್ಟಿಕೊಂಡ. ರಬ್ಬರು ಈಗ ಅಲ್ಲಿರಲಿಲ್ಲ, ಗಜಾನನನ ಮೇಜಿನಲ್ಲಿತ್ತು. ಮುಖ ಗೋಡೆಯ ಕಡೆ ತಿರುಗಿಸಿ, "ಓದಿ ಹೇಳ ತಮ್ಮಾ" ಎಂದ. ಪುಸ್ತಕವನ್ನಂತೂ ಬಿಚ್ಚಿದವನು ಅವನಲ್ಲ.

ಗಜಾನನ ಓದಿದ, ಇಂದ್ರವ್ವ ಎರಡು ಸಲ ಗುನುಗಿ, ದಪ್ಪು ಎತ್ತಿಕೊಂಡಳು.

"ಹೊತ್ತ ಮುಳುಗಿದ ಮ್ಯಾಲ ಹಾಡಾವನ ಬೆನ್ನ ಹಿಂದ ಯಾರೋ—"

ದಪ್ಪು ಕಾಯಿತು. ಶಿದ್ಲಿಂಗಪ್ಪನ ತುಟಿ ಅಲ್ಲಾಡಿತು, ಶಬ್ದವಿಲ್ಲ. ಅವಳು ಮತ್ತೊಮ್ಮೆ ಹಾಡಿದಳು. ಮೂರನೆಯ ಸಲ ಹಾಡಿ, ದಪ್ಪು ತೊಡೆಯ ಮೇಲಿಟ್ಟು, ಮೆತ್ತಗೆ ಹೇಳಿದಳು: "ನೀನ ಒಂದ ಕಟ್ಟ ಶಿದ್ಲಿಂಗಣ್ಣಾ. ಯಾರ ಕೇಳಾವ್ರದಾರ."

"ಕೇಳಾವ್ರದಾರ" ಎಂದ ಅವನು ಅಭ್ಯಾಸಬಲದಿಂದ. ಎಂದವನು ತಾನೇ ಆ ಮಾತು ಕೇಳಿಸಿಕೊಂಡವನಂತೆ ತಲೆ ಅಲ್ಲಾಡಿಸಿದ. "ಒಲ್ಲೆ. ಅಣ್ಣ ಕೊಟ್ಟಿದ್ದ ಹೇಳೂದು ನನ್ನ ಕೆಲಸ. ನನ್ನ ಮನಸಿಗಿ ಬಂದದ್ದಲ್ಲ." ಆಮೇಲೆ, "ಇನ್ನೊಮ್ಮಿ ಹಾಡ" ಎಂದ. ಅವಳು ಹಾಡಿದಳು. ಪೆಟ್ಟು ಬಿದ್ದು ಕಾದ ಕಡೆ, ತಡವರಿಸದೆ, ಸರಿಯಾದ ಮಾತ್ರೆಗೆ, "ಜೀ" ಎಂದ.

"ಅಷ್ಟ ಬರಕೋ ತಮ್ಮಾ. ಬಾಕಿ ಜಾಗಾ ಬಿಡು."

ಪುಸ್ತಕ ಅಚ್ಚಿಗೆ ಹೋಗಿದೆ. ಕೊನೆಯ ಪುಟದಲ್ಲಿ ಒಂದು ಸಾಲು, ಒಂದು "ಜೀ", ಮಿಕ್ಕದ್ದು ಬಿಳಿ. ಆ ಬಿಳಿಯನ್ನು ನೋಡಿ ಅಚ್ಚಿನವರು ತಪ್ಪೆಂದು ತಿಳಿದು ಬೇರೆ ಪದ ತುಂಬಿಬಿಟ್ಟಾರು ಎಂದು ಶಿದ್ಲಿಂಗಪ್ಪ ಈಗ ವಾರಕ್ಕೆ ಎರಡು ಸಲ ಗೋಕಾಕಕ್ಕೆ ಹೋಗುತ್ತಾನೆ. ಕಪಾಟಿನಲ್ಲಿ ಕೇದಾರಿಯ ಪೆಟ್ಟಿಗೆಗಳ ಪಕ್ಕದಲ್ಲಿ ಗಜಾನನ ಒಂದು ಸಣ್ಣ ಲಕೋಟೆ ಸೇರಿಸಿದ್ದಾನೆ. ಒಳಗೆ ರಬ್ಬರಿನ ಚೂರು, ಮೇಲೆ ಶಿದ್ಲಿಂಗಪ್ಪನ ಹೆಸರು. ಅವನಿಗೆ ಓದಲು ಬಾರದು, ಗಜಾನನನೂ ಹೇಳಿಲ್ಲ.

ಹಿಂದೆ ನಿಲ್ಲುವವರ ಜಾತಿಯೇ ಬೇರೆ. ಮುಂದಿನವನ ಮಾತು ಮುಗಿಯುವ ತನಕ ಅವರು ಉಸಿರು ಹಿಡಿದು ಕಾಯುತ್ತಾರೆ; ಕಾದು ಕಾದು ಕಾಯುವುದೇ ಅವರ ಸ್ವಭಾವವಾಗುತ್ತದೆ. ಕಾಗದ ಅವರ ಗುರುತು ಇಟ್ಟುಕೊಳ್ಳುವುದಿಲ್ಲ. ಇಟ್ಟುಕೊಂಡರೆ ತಾವೇ ಕೂತು ಅಳಿಸುತ್ತಾರೆ, ಮುಂದಿನವನ ಅಕ್ಷರ ಚೊಕ್ಕಟವಾಗಿ ಕಾಣಲೆಂದು. ಆಮೇಲೆ ಆ ಅಕ್ಷರ ಅರ್ಧವೇ ಆಗಿ ನಿಂತದ್ದು ಕಂಡು, ಅದು ತಮ್ಮದೇ ತಪ್ಪೆಂದು ನಿದ್ದೆಗೆಡುವವರೂ ಅವರೇ.